ಎದ್ದು ನಡೆಯಲು ಒಂದು ಕಾರಣ

ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ಹೃದಯ ದುರ್ಬಲವಾದವರು ಮತ್ತೆ ಕೈಕಾಲು ಆಡಿಸುವಂತಾಗಲು ತರಬೇತಾದ ನಾಯಿಗಳ ನೆರವು ಪಡೆಯುವ ಪದ್ಧತಿ ಇಂದು ಅಮೆರಿಕ, ಯುರೋಪುಗಳ ಅನೇಕ ಆಸ್ಪತ್ರೆಗಳಲ್ಲಿ ನೆಲೆಯೂರಿದೆ. ಇದರ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಗ್ರೀಕರ ದೇವಾಲಯದಿಂದ ಹೊರಟು ನೇರವಾಗಿ ಇಂದಿಗೆ ಬಂದು ನಿಲ್ಲುತ್ತಾರೆ. ಮನುಷ್ಯನಿಗೂ ನಾಯಿಗೂ ಇರುವ ನಂಟು ಬಹಳ ಹಳೆಯದು, ಆ ನಂಟಿನಲ್ಲೇ ವಾಸಿಮಾಡುವ ಗುಣವಿದೆ, ವೈದ್ಯರಿಗೆ ಅದು ತಡವಾಗಿ ಹೊಳೆಯಿತು ಎಂಬುದು ಆ ಕಥೆಯ ಸಾರ. ಕೇಳಲು ಹಿತವಾಗಿರುವ ಈ ಕಥೆ ಒಂದು ಪ್ರಶ್ನೆಯನ್ನು ಹಾಗೇ ಬಿಟ್ಟುಬಿಡುತ್ತದೆ. ನಂಟು ಅಷ್ಟು ಹಳೆಯದಾದರೆ, ಫಿಸಿಯೋಥೆರಪಿಯ ಕೋಣೆಯೊಳಗೆ ನಾಯಿ ಕಾಲಿಡಲು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೆ ಏಕೆ ಕಾಯಬೇಕಾಯಿತು? ನನ್ನ ವಾದ ಇಷ್ಟು: ರೋಗಿ ಎಂದರೆ ಸುಮ್ಮನೆ ಮಲಗಿ ಚಿಕಿತ್ಸೆ ಪಡೆಯುವವನು ಎಂಬ ನಂಬಿಕೆ ಬಲವಾಗಿದ್ದಷ್ಟು ಕಾಲ ನಾಯಿಗೆ ಆಸ್ಪತ್ರೆಯಲ್ಲಿ ಮಾಡಲು ಏನೂ ಇರಲಿಲ್ಲ. ಚೇತರಿಕೆ ರೋಗಿಯೇ ಮಾಡಬೇಕಾದ ದುಡಿಮೆ ಎಂದು ವೈದ್ಯಶಾಸ್ತ್ರ ಒಪ್ಪಿದ ಮೇಲೆ, ಆ ದುಡಿಮೆಗೊಂದು ಕಾರಣ ಒದಗಿಸುವ ಜೀವವಾಗಿ ನಾಯಿ ಒಳಗೆ ಬಂತು. ಆದ್ದರಿಂದ ಥೆರಪಿ ನಾಯಿಯ ಚರಿತ್ರೆಯನ್ನು ರೋಗಿಯ ಚರಿತ್ರೆಯಾಗಿ ಓದಬೇಕು.

ಗ್ರೀಸಿನ ಎಪಿಡಾರಸ್‌ನಲ್ಲಿ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರವಿತ್ತು. ಗುಣವಾಗಿ ಹೋದವರ ವೃತ್ತಾಂತಗಳನ್ನು ಕ್ರಿ.ಪೂ. 4ನೆಯ ಶತಮಾನದಲ್ಲಿ ಅಲ್ಲಿನ ಕಲ್ಲಿನ ಫಲಕಗಳ ಮೇಲೆ ಕೆತ್ತಿಸಿದರು. ಹರ್ಮಿಯೋನೆ ಊರಿನ ಲೈಸನ್ ಎಂಬ ಕುರುಡು ಹುಡುಗನ ಕಣ್ಣನ್ನು ದೇವಾಲಯದ ನಾಯಿಯೊಂದು ವಾಸಿಮಾಡಿತೆಂದು ಒಂದು ಬರಹ ಹೇಳಿದರೆ, ಈಜೈನಾ ದ್ವೀಪದ ಹುಡುಗನ ಕುತ್ತಿಗೆಯ ಗಂಟನ್ನು ನಾಯಿಯ ನಾಲಿಗೆ ವಾಸಿಮಾಡಿತೆಂದು ಇನ್ನೊಂದು ಹೇಳುತ್ತದೆ. ಇವನ್ನೇ ಥೆರಪಿ ನಾಯಿಯ ಮೊದಲ ದಾಖಲೆಯೆಂದು ತೋರಿಸುವುದುಂಟು. ಆದರೆ ಆ ಕ್ಷೇತ್ರದಲ್ಲಿ ರೋಗಿಯ ಪಾಲಿನ ಕೆಲಸವೇನು ಎಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಹರಕೆ ಹೊತ್ತು ಬಂದವರು ಸಾಮಾನ್ಯವಾಗಿ ಅಲ್ಲಿನ ಮಲಗುಮಂಟಪದಲ್ಲಿ ನಿದ್ರಿಸಿ, ದೇವರು ಕನಸಿನಲ್ಲಿ ಬರಲೆಂದು ಕಾಯುತ್ತಿದ್ದರು. ಈ ಇಬ್ಬರು ಹುಡುಗರು ಎಚ್ಚರವಾಗಿದ್ದರೂ ಅವರು ಮಾಡಬೇಕಾದದ್ದು ಏನೂ ಇರಲಿಲ್ಲ. ಶಕ್ತಿ ದೇವರದು, ನಾಯಿ ಅದರ ವಾಹಕ, ರೋಗಿ ಬರೀ ಪಾತ್ರ. ಪುನರ್ವಸತಿ ಕೊಠಡಿಯಲ್ಲಿ ನಡೆಯುವುದು ಇದಕ್ಕೆ ತೀರ ಬೇರೆ; ಅಲ್ಲಿ ನಾಯಿ ಏನನ್ನೂ ವಾಸಿಮಾಡುವುದಿಲ್ಲ, ವಾಸಿಯಾಗುವ ಕೆಲಸವೆಲ್ಲ ರೋಗಿಯದೇ.

ಇಂದಿನ ಪದ್ಧತಿಯ ನಿಜವಾದ ಬೇರು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿದೆ. 1790ರಲ್ಲಿ ಹಾನಾ ಮಿಲ್ಸ್ ಎಂಬ ಕ್ವೇಕರ್ ಪಂಥದ ವಿಧವೆ ಅಲ್ಲಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ, ತನ್ನವರ ಮುಖ ನೋಡಲೂ ಅವಕಾಶವಿಲ್ಲದೆ ತೀರಿಕೊಂಡರು. ಇದರಿಂದ ನೊಂದ ವಿಲಿಯಂ ಟ್ಯೂಕ್ ಮತ್ತು ಅವರ ಪಂಥದವರು 1796ರಲ್ಲಿ ‘ರಿಟ್ರೀಟ್’ ಎಂಬ ಆಶ್ರಯಾಲಯ ತೆರೆದರು. ಸರಪಳಿಯ ಜಾಗದಲ್ಲಿ ದಯೆ, ಶಿಸ್ತು, ಕೆಲಸ ಇವನ್ನು ತಂದದ್ದು ಆ ಸಂಸ್ಥೆಯ ಹೆಗ್ಗಳಿಕೆ. ವಿಲಿಯಂ ಅವರ ಮೊಮ್ಮಗ ಸ್ಯಾಮ್ಯುಯೆಲ್ ಟ್ಯೂಕ್ 1813ರಲ್ಲಿ ಪ್ರಕಟಿಸಿದ ವಿವರಣೆಯಲ್ಲಿ ಅಂಗಳದಲ್ಲಿ ಮೊಲ, ಕಡಲಹಕ್ಕಿ, ಗಿಡುಗ, ಕೋಳಿಗಳನ್ನು ಸಾಕಿದ್ದರೆಂದೂ, ಅವುಗಳ ಒಡನಾಟ ರೋಗಿಗಳಲ್ಲಿ ಪರೋಪಕಾರದ ಭಾವವನ್ನು ಎಚ್ಚರಿಸುತ್ತದೆಂದೂ ಇದೆ. ಪ್ರಾಣಿಯಿಂದ ರೋಗಿಗೆ ಏನು ಸಿಗುತ್ತದೆ ಎನ್ನುವುದಕ್ಕಿಂತ, ಪ್ರಾಣಿಗೆ ರೋಗಿ ಏನು ಕೊಡಬಲ್ಲ ಎಂಬ ಕಡೆಗೆ ಟ್ಯೂಕ್ ಅವರ ಗಮನ ಹೋಗಿರುವುದು ಮಹತ್ವದ ಸಂಗತಿ. ಸುಮಾರು ನಾಲ್ಕೂವರೆ ದಶಕಗಳ ಬಳಿಕ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಬಗ್ಗೆ ಬರೆದ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಇದೇ ಎಳೆ ಹಿಡಿದರು. ಬಹುಕಾಲದ ಕಾಯಿಲೆಯವರಿಗೆ ಪುಟ್ಟ ಸಾಕುಪ್ರಾಣಿ ಉತ್ತಮ ಸಂಗಾತಿ ಎಂದು ಹೇಳಿ ಅವರು ಅಲ್ಲಿಗೇ ನಿಲ್ಲಲಿಲ್ಲ. ರೋಗಿಗೆ ಸಾಧ್ಯವಾದರೆ ಆ ಪ್ರಾಣಿಗೆ ಉಣಿಸುವುದನ್ನೂ ಅದನ್ನು ಶುಚಿಮಾಡುವುದನ್ನೂ ಅವನೇ ಮಾಡಲಿ, ಅದಕ್ಕೆ ಪ್ರೋತ್ಸಾಹ ಕೊಡಿ ಎಂದರು. ಆಸ್ಪತ್ರೆಯಲ್ಲಿ ಮುಂಜಾನೆಯಿಂದ ರಾತ್ರಿವರೆಗೆ ಪರರ ಕೈ ನೋಡುವವನು ಒಂದು ಗಳಿಗೆಯಾದರೂ ತಾನು ಕೊಡುವವನಾಗಬೇಕು ಎಂಬ ಈ ತಿಳಿವಳಿಕೆಯೇ ಮುಂದಿನ ಎಲ್ಲಕ್ಕೂ ಅಡಿಪಾಯ.

ಆದರೆ ಹತ್ತೊಂಬತ್ತನೆಯ ಶತಮಾನದ ವೈದ್ಯಶಾಸ್ತ್ರ ಬೇರೆ ದಿಕ್ಕಿಗೆ ಹೊರಟಿತ್ತು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1860ರ ದಶಕದಲ್ಲಿ ವಿಶ್ರಾಂತಿಯೇ ಪ್ರಕೃತಿಯ ದೊಡ್ಡ ಚಿಕಿತ್ಸಕ ಎಂದು ಪ್ರತಿಪಾದಿಸಿದರು. ಲಿವರ್‌ಪೂಲಿನ ಮೂಳೆವೈದ್ಯ ಹ್ಯೂ ಓವನ್ ಥಾಮಸ್ ದೀರ್ಘವಾದ, ಎಡೆಬಿಡದ ವಿಶ್ರಾಂತಿಯನ್ನು ಸಿದ್ಧಾಂತವನ್ನಾಗಿಸಿದರು. ಮುರಿದ ಮೂಳೆಗೆ, ಕ್ಷಯ ತಗುಲಿದ ಕೀಲಿಗೆ ಅದು ಉಪಕಾರವನ್ನೇ ಮಾಡಿತು. ಬರಬರುತ್ತ ಅದು ಎಲ್ಲ ಕಾಯಿಲೆಗೂ ಒಂದೇ ಮದ್ದಾಯಿತು. ಹೃದಯಾಘಾತವಾದವರನ್ನು ವಾರಗಟ್ಟಲೆ ಅಂಗಾತ ಮಲಗಿಸುವುದು 1940ರ ದಶಕದಲ್ಲೂ ವಾಡಿಕೆಯಾಗಿತ್ತು. ಆ ವಾಡಿಕೆಯ ವಿರುದ್ಧ ಬ್ರಿಟಿಷ್ ವೈದ್ಯ ರಿಚರ್ಡ್ ಆಶರ್ 1947ರಲ್ಲಿ ಬರೆದ ಲೇಖನ ಇಂದಿಗೂ ಓದಬೇಕಾದದ್ದು. ಮಲಗಿದಲ್ಲೇ ಮಲಗಿದವನ ರಕ್ತ ಹೆಪ್ಪುಗಟ್ಟುತ್ತದೆ, ಸ್ನಾಯು ಸೊರಗುತ್ತದೆ, ಮೂಳೆಯ ಸುಣ್ಣ ಕರಗುತ್ತದೆ, ಬೆನ್ನು ಹುಣ್ಣಾಗುತ್ತದೆ, ಕೊನೆಗೆ ಏಳಬೇಕೆಂಬ ಮನಸ್ಸೇ ಸಾಯುತ್ತದೆ ಎಂದು ಅವರು ಅಂಗಾಂಗವಾಗಿ ಎಣಿಸಿ ತೋರಿಸಿದರು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ಹೃದ್ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ಸಾಹಸ. ಹೀಗೆ ರೋಗಿಯನ್ನು ಅಲುಗಾಡಿಸಲೂ ಹೆದರುತ್ತಿದ್ದ ವಾರ್ಡಿನಲ್ಲಿ, ಎದ್ದು ಬಾ ಎಂದು ಬಾಲವಾಡಿಸಿ ಕರೆಯುವ ಪ್ರಾಣಿಗೆ ಎಡೆಯೆಲ್ಲಿ?

ಈ ಕಟ್ಟು ಸಡಿಲಿಸಿದ್ದು ಎರಡನೆಯ ಮಹಾಯುದ್ಧ. ಗಾಯಗೊಂಡವರ ಸಂಖ್ಯೆ ಅಪಾರವಾಗಿ, ಅವರನ್ನು ಬೇಗ ಕೆಲಸಕ್ಕೆ ಮರಳಿಸಲೇಬೇಕಾದ ಒತ್ತಡ ಬಂತು. ಸೇಂಟ್ ಲೂಯಿಸ್‌ನ ವೈದ್ಯ ಹೋವರ್ಡ್ ರಸ್ಕ್ 1942ರಲ್ಲಿ ಸೇನೆ ಸೇರಿ ಮಿಸ್ಸೌರಿಯ ಜೆಫರ್ಸನ್ ಬ್ಯಾರಕ್ಸ್ ಆಸ್ಪತ್ರೆಗೆ ಬಂದಾಗ, ಕಾಯಿಲೆ ಗುಣವಾಗಿ ಹೊರಟ ಸೈನಿಕರು ತಾಲೀಮು ತಾಳಲಾರದೆ ಮತ್ತೆ ಆಸ್ಪತ್ರೆಗೇ ಬರುವುದನ್ನು ಕಂಡರು. ಗುಣವಾಗುವುದಕ್ಕೂ ಬದುಕಿಗೆ ಸಿದ್ಧನಾಗುವುದಕ್ಕೂ ನಡುವೆ ಒಂದು ಕಂದರವಿದೆ, ಅದನ್ನು ದಾಟಿಸುವುದೂ ವೈದ್ಯನ ಹೊಣೆ ಎಂಬುದು ಅವರ ನಿಲುವು. ವಾಯುಪಡೆಯ ಚೇತರಿಕೆ ಕಾರ್ಯಕ್ರಮ ಅವರ ನೇತೃತ್ವದಲ್ಲಿ ಬೆಳೆಯಿತು. ನ್ಯೂಯಾರ್ಕ್ ರಾಜ್ಯದ ಪಾಲಿಂಗ್‌ನಲ್ಲಿ ತೆರೆದ ಚೇತರಿಕೆ ಕೇಂದ್ರದಲ್ಲಿ ಸೈನಿಕರು ಹಂದಿ, ದನ, ಕುದುರೆ, ಕೋಳಿಗಳಿದ್ದ ತೋಟದಲ್ಲಿ ಅವುಗಳ ಆರೈಕೆ ಮಾಡಿದರು. ಅಮೆರಿಕನ್ ರೆಡ್‌ಕ್ರಾಸ್ ಇದಕ್ಕೆ ಜೊತೆಯಾಯಿತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ತುಂಡಾದ ಸೈನಿಕರಿಗೆ ಕ್ರೀಡೆಯನ್ನೇ ಚಿಕಿತ್ಸೆಯಾಗಿ ಕೊಡತೊಡಗಿದರು. 1948ರ ಜುಲೈ 29ರಂದು ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಅಲ್ಲಿ ಬಿಲ್ಲುಗಾರಿಕೆಯಲ್ಲಿ ಸೆಣಸಿದ್ದು ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆಯಿತು. ಒಂದೆಡೆ ತೋಟ, ಇನ್ನೊಂದೆಡೆ ಬಿಲ್ಲು. ಎರಡರಲ್ಲೂ ತತ್ತ್ವ ಒಂದೇ. ವ್ಯಾಯಾಮಕ್ಕಾಗಿ ವ್ಯಾಯಾಮ ಮಾಡು ಎಂದರೆ ಸೋತ ದೇಹ ಕೇಳುವುದಿಲ್ಲ, ಅದಕ್ಕೆ ಹೊರಗಿನ ಗುರಿಯೊಂದು ಬೇಕು.

ಯುದ್ಧಕಾಲದ ನಾಯಿ ಎಂದೊಡನೆ ಎಲ್ಲರೂ ನೆನೆಯುವುದು ಸ್ಮೋಕಿಯನ್ನು. 1944ರಲ್ಲಿ ನ್ಯೂಗಿನಿಯ ಪಾಳುಬಿದ್ದ ಕಂದಕವೊಂದರಲ್ಲಿ ಸಿಕ್ಕ ಈ ಯಾರ್ಕ್‌ಶೈರ್ ಟೆರಿಯರ್ ಎರಡು ಕಿಲೋ ತೂಕವೂ ಇರಲಿಲ್ಲ. ಅದನ್ನು ಸಾಕಿದ ಅಮೆರಿಕನ್ ಸೈನಿಕ ವಿಲಿಯಂ ವಿನ್ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದಾಗ ಗೆಳೆಯರು ನಾಯಿಯನ್ನು ಅಲ್ಲಿಗೆ ತಂದರು. ದಾದಿಯರು ಅದನ್ನು ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ ಕರೆದೊಯ್ದರು, ಮೇಯೊ ಮನೆತನದ ವೈದ್ಯ ಚಾರ್ಲ್ಸ್ ಮೇಯೊ ಅನುಮತಿ ಕೊಟ್ಟರು. ಮೊದಲ ಥೆರಪಿ ನಾಯಿ ಎಂದು ಅದನ್ನು ಕರೆಯುವ ರೂಢಿ ಇದೆ. ನೋವಿನಲ್ಲಿದ್ದವರಿಗೆ ಅದು ಕೊಟ್ಟ ಸಮಾಧಾನ ಸಣ್ಣದಲ್ಲ. ಆದರೂ ದೈಹಿಕ ಪುನರ್ವಸತಿಯ ವಂಶಾವಳಿಯಲ್ಲಿ ಸ್ಮೋಕಿಗಿಂತ ಪಾಲಿಂಗ್‌ನ ಹಂದಿ ದನಗಳಿಗೇ ಹತ್ತಿರದ ಸ್ಥಾನ ಎಂದು ನಾನು ತಿಳಿಯುತ್ತೇನೆ. ಸ್ಮೋಕಿ ಮಲಗಿದವರ ಬಳಿಗೆ ತಾನೇ ಹೋಗಿ ಸಂತೈಸಿತು. ಪಾಲಿಂಗ್‌ನಲ್ಲಿ ಸೈನಿಕರೇ ಎದ್ದು ಮೇವು ಹೊತ್ತು ನಡೆಯಬೇಕಾಯಿತು. ದೇಹವೇ ಪ್ರಾಣಿಯ ಜೊತೆ ದುಡಿದು ಗೆದ್ದ ಉದಾಹರಣೆ ಬೇಕಾದರೆ ಡೆನ್ಮಾರ್ಕಿಗೆ ಹೋಗಬೇಕು. ಕುದುರೆ ಸವಾರೆ ಲಿಸ್ ಹಾರ್ಟೆಲ್ 1944ರಲ್ಲಿ, 23ನೆಯ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗ ಪೋಲಿಯೊಗೆ ತುತ್ತಾದರು. ಮೊಣಕಾಲಿನ ಕೆಳಗೆ ಬಲ ಮರಳಲೇ ಇಲ್ಲ. ಕುದುರೆ ಹತ್ತಲೂ ಇಳಿಯಲೂ ಬೇರೆಯವರು ಬೇಕಾಗಿದ್ದ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್‌ನಲ್ಲಿ ಬೆಳ್ಳಿ ಪದಕ ಗೆದ್ದರು. ಕುದುರೆ ನಡೆಯುವಾಗ ಸವಾರನ ಸೊಂಟ ತೂಗುವ ಬಗೆ ಮನುಷ್ಯ ತಾನೇ ನಡೆಯುವಾಗಿನ ಚಲನೆಯನ್ನು ಬಹಳ ಹೋಲುತ್ತದೆ. ಹಾರ್ಟೆಲ್ ಅವರ ಗೆಲುವಿನ ಬಳಿಕ ಯುರೋಪಿನ ಫಿಸಿಯೋಥೆರಪಿಸ್ಟರು ಕುದುರೆ ಸವಾರಿಯನ್ನು ಗಂಭೀರವಾಗಿ ಕೈಗೆತ್ತಿಕೊಂಡರು.

ನಾಯಿಯ ಸರದಿ ಬಂದದ್ದು ಮನೋವೈದ್ಯರ ಮೂಲಕ. ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ತಮ್ಮ ನಾಯಿ ಜಿಂಗಲ್ಸ್ ಎದುರು ಮಾತು ಬಿಚ್ಚುತ್ತಿದ್ದ ಮಕ್ಕಳನ್ನು ಗಮನಿಸಿ, ನಾಯಿಯನ್ನು ಸಹಚಿಕಿತ್ಸಕ ಎಂದು ಕರೆದು 1962ರಲ್ಲಿ ಪ್ರಬಂಧ ಬರೆದರು. ಸಭೆಯಲ್ಲಿ ವಿಷಯ ಮಂಡಿಸಿದಾಗ ನಾಯಿಗೆ ನಿಮ್ಮ ಫೀಸಿನಲ್ಲಿ ಪಾಲೆಷ್ಟು ಎಂದು ಕೇಳಿ ನಕ್ಕವರಿದ್ದರು. 1970ರ ದಶಕದಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮತ್ತು ಎಲಿಜಬೆತ್ ಕಾರ್ಸನ್ ದಂಪತಿ ಸಂಶೋಧನೆಗೆಂದು ಸಾಕಿದ್ದ ನಾಯಿಗಳ ಬೊಗಳು ಕೇಳಿ, ಯಾರೊಂದಿಗೂ ಮಾತಾಡದಿದ್ದ ರೋಗಿಗಳೇ ಅವನ್ನು ನೋಡಬೇಕೆಂದು ಕೇಳಿಕೊಂಡರು. 1976ರಲ್ಲಿ ನರ್ಸ್ ಇಲೇನ್ ಸ್ಮಿತ್ ನ್ಯೂಜೆರ್ಸಿಯಲ್ಲಿ ಥೆರಪಿ ನಾಯಿಗಳ ಸಂಸ್ಥೆ ಕಟ್ಟಿದರು, ಮರುವರ್ಷ ಆರೆಗಾನ್‌ನಲ್ಲಿ ಡೆಲ್ಟಾ ಪ್ರತಿಷ್ಠಾನ ಹುಟ್ಟಿತು. ಈ ಸಂಘಟನೆಗಳಿಂದ ಬಂದ ಅತಿ ಮುಖ್ಯ ಕೊಡುಗೆ ಒಂದು ವಿಂಗಡಣೆ. ರೋಗಿಗಳನ್ನು ಖುಷಿಪಡಿಸಲು ನಾಯಿ ಭೇಟಿ ಕೊಡುವುದು ಒಂದು. ಫಿಸಿಯೋಥೆರಪಿಸ್ಟ್ ಮೊದಲೇ ಗುರಿ ಬರೆದಿಟ್ಟು, ಪ್ರತಿ ಬಾರಿಯ ಪ್ರಗತಿಯನ್ನು ಅಳೆದು ದಾಖಲಿಸುತ್ತ ನಾಯಿಯನ್ನು ಬಳಸುವುದು ಇನ್ನೊಂದು. ಎರಡನೆಯದು ಮಾತ್ರ ಚಿಕಿತ್ಸೆ.

ಅಂಥ ಚಿಕಿತ್ಸೆ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಲಕ್ವ ಹೊಡೆದು ಎಡಗೈ ಬಿದ್ದುಹೋದ ರೋಗಿಯ ಎದುರು, ಎತ್ತರದ ಮಂಚದ ಮೇಲೆ ನಾಯಿಯನ್ನು ಕೂರಿಸುತ್ತಾರೆ. ರೋಗಿಯ ಎಡಗೈಗೆ ಬ್ರಷ್ಷಿನ ಪಟ್ಟಿ ಕಟ್ಟುತ್ತಾರೆ. ಕುತ್ತಿಗೆಯಿಂದ ಬಾಲದವರೆಗೆ ಒಂದು ಸಲ ಕೂದಲು ಬಾಚಬೇಕಾದರೆ ಭುಜ ಏಳಬೇಕು, ಮೊಣಕೈ ಚಾಚಬೇಕು, ಮಣಿಕಟ್ಟು ತಿರುಗಬೇಕು. ಪುಲ್ಲಿ ಎಳೆದು ಮಾಡಿಸುವ ಕಸರತ್ತೆಲ್ಲ ಆ ಒಂದು ಬಾಚಿನಲ್ಲಿದೆ. ಕೊರಳಪಟ್ಟಿಯ ಬಕಲ್ ಹಾಕಿ ತೆಗೆಯುವುದು ಬೆರಳಿನ ಕೆಲಸ. ಮೆದುಳಿನ ಪೆಟ್ಟಿನಿಂದ ತನ್ನ ಎಡಬದಿಯ ಪರಿವೆಯೇ ಇಲ್ಲದವರಿಗೆ ನಾಯಿಯನ್ನು ಎಡಕ್ಕೇ ಕೂರಿಸುತ್ತಾರೆ, ಅದನ್ನು ಕಾಣಲು ಕತ್ತು ಆ ಕಡೆ ತಿರುಗಲೇಬೇಕು. ನಡಿಗೆಯ ಅಭ್ಯಾಸದಲ್ಲಿ ನಾಯಿಗೆ ಎರಡು ಹಗ್ಗ: ಒಂದು ತರಬೇತುದಾರರ ಕೈಯಲ್ಲಿ, ಇನ್ನೊಂದು ರೋಗಿಯ ಕೈಯಲ್ಲಿ ಅಥವಾ ವಾಕರಿಗೆ. ಭಾರ ಹೊರುವುದು ವಾಕರ್, ಹಿಡಿದುಕೊಳ್ಳುವುದು ಫಿಸಿಯೋಥೆರಪಿಸ್ಟ್. ನಾಯಿ ಬರೀ ಜೊತೆಗೆ ನಡೆಯುತ್ತದೆ. ಆದರೆ ರೋಗಿಯ ಲೆಕ್ಕದಲ್ಲಿ ಈಗ ಕಾಲು ಎತ್ತಿಡುವುದು ಕೆಲಸವಾಗಿ ಉಳಿದಿಲ್ಲ, ನಾಯಿಯನ್ನು ಓಣಿಯ ಕೊನೆವರೆಗೆ ನಡೆಸಿಕೊಂಡು ಹೋಗುವುದು ಕೆಲಸವಾಗಿದೆ. ಇಲ್ಲಿ ಕೂದಲು ಬಾಚಿಸಿಕೊಳ್ಳುವವನು ರೋಗಿಯಲ್ಲ ಎಂಬುದನ್ನು ಗಮನಿಸಿದರೆ ಟ್ಯೂಕ್ ಮತ್ತು ನೈಟಿಂಗೇಲ್ ಹೇಳಿದ್ದು ಫಿಸಿಯೋಥೆರಪಿಯ ಭಾಷೆಯಲ್ಲಿ ಮರಳಿ ಬಂದಿರುವುದು ಕಾಣುತ್ತದೆ.

ಇದಕ್ಕೆ ಪುರಾವೆ ಏನು ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರ 1980ರ ಅಧ್ಯಯನವನ್ನು ಎಲ್ಲರೂ ಉದ್ಧರಿಸುತ್ತಾರೆ. ಹೃದ್ರೋಗದಿಂದ ಆಸ್ಪತ್ರೆ ಸೇರಿ ಹೊರಬಂದ 92 ಮಂದಿಯಲ್ಲಿ, ಪ್ರಾಣಿ ಸಾಕಿದ್ದ 53 ಜನರ ಪೈಕಿ ಒಂದು ವರ್ಷದಲ್ಲಿ ಸತ್ತವರು 3, ಸಾಕದ 39 ಜನರಲ್ಲಿ 11. ಅಂಕಿ ಬೆರಗು ಹುಟ್ಟಿಸಿದರೂ ಇದರ ಮೇಲೆ ಹೆಚ್ಚು ಭಾರ ಹೇರಬಾರದು. ಗುಂಪು ಚಿಕ್ಕದು, ಮುಂದಿನ ಅಧ್ಯಯನಗಳೆಲ್ಲ ಅದನ್ನು ಸಮರ್ಥಿಸಲಿಲ್ಲ, ಮೇಲಾಗಿ ಅದು ಮನೆಯ ಸಾಕುಪ್ರಾಣಿಯ ಕುರಿತದ್ದು. ನಮ್ಮ ವಿಷಯಕ್ಕೆ ಹತ್ತಿರವಾದದ್ದು ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ, ಹೃದಯ ವೈಫಲ್ಯದ ಒಳರೋಗಿಗಳ ನಡಿಗೆಯ ಅಧ್ಯಯನ. ಎದ್ದು ನಡೆಯಿರಿ ಎಂದಾಗ ಹಿಂದಿನ ರೋಗಿಗಳಲ್ಲಿ ನೂರಕ್ಕೆ 28 ಮಂದಿ ಒಲ್ಲೆ ಎಂದಿದ್ದರು. ನಾಯಿಯ ಜೊತೆ ನಡೆಯಿರಿ ಎಂದಾಗ ಒಲ್ಲೆ ಎಂದವರು ನೂರಕ್ಕೆ 7 ಮಾತ್ರ, ನಡೆದ ಹೆಜ್ಜೆಗಳೂ ಹೆಚ್ಚುಕಡಿಮೆ ಇಮ್ಮಡಿಯಾದವು. ಇನ್ನೊಂದು ಸಣ್ಣ ಅಧ್ಯಯನ 2006ರದ್ದು. ಲಕ್ವದಿಂದ ಮಾತು ಕಳೆದುಕೊಂಡ ಮೂವರಿಗೆ ನಾಯಿಯೊಂದಿಗೂ ನಾಯಿಯಿಲ್ಲದೆಯೂ ವಾಕ್‌ಚಿಕಿತ್ಸೆ ಕೊಟ್ಟು ನೋಡಿದಾಗ ಪರೀಕ್ಷೆಯ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ನಾಯಿಯಿದ್ದಾಗ ಉತ್ಸಾಹ ಹೆಚ್ಚು ಎಂದು ರೋಗಿಗಳು ಹೇಳಿದರು. ನಾಯಿಯ ಪರ ವಾದಿಸುವವರಿಗೆ ಇದು ಹಿನ್ನಡೆಯಂತೆ ಕಾಣಬಹುದು. ನನಗೆ ಇದು ಅತ್ಯಂತ ಪ್ರಾಮಾಣಿಕ ಸಾಕ್ಷ್ಯ. ನಾಯಿ ನರಗಳನ್ನು ಜೋಡಿಸುವುದಿಲ್ಲ. ರೋಗಿಯನ್ನು ಅಭ್ಯಾಸಕ್ಕೆ ಬರಮಾಡುತ್ತದೆ, ಬಂದವನನ್ನು ಇನ್ನಷ್ಟು ಹೊತ್ತು ಉಳಿಸುತ್ತದೆ. ಪುನರ್ವಸತಿಯ ಬಹುಪಾಲು ಸೋಲುಗಳು ಅಭ್ಯಾಸ ನಿಂತಲ್ಲಿ ಆಗುವುದರಿಂದ ಅಷ್ಟೇ ದೊಡ್ಡ ಉಪಕಾರ.

ಬರೀ ಹೊಸ ಮುಖ ಕಂಡ ಸಂತೋಷದಿಂದ ಹೀಗಾಗುತ್ತಿದೆಯೇ ಎಂಬ ಆಕ್ಷೇಪ ಸಹಜ. ಲಾಸ್ ಏಂಜಲೀಸ್‌ನ ಸಂಶೋಧಕರು ಹೃದಯ ವೈಫಲ್ಯದ 76 ಮಂದಿಯನ್ನು ಮೂರು ಗುಂಪು ಮಾಡಿ 2007ರಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ನಾಯಿಯೊಂದಿಗೆ ಸ್ವಯಂಸೇವಕ, ಇನ್ನೊಂದಕ್ಕೆ ಸ್ವಯಂಸೇವಕ ಮಾತ್ರ, ಮೂರನೆಯದಕ್ಕೆ ಎಂದಿನ ಆರೈಕೆ. ಭೇಟಿ 12 ನಿಮಿಷದ್ದು. ಎದೆಯೊಳಗಿನ ರಕ್ತದೊತ್ತಡವೂ ಅಡ್ರಿನಲಿನ್ ಪ್ರಮಾಣವೂ ಹೆಚ್ಚು ಇಳಿದದ್ದು ನಾಯಿ ಬಂದ ಗುಂಪಿನಲ್ಲಿ. ಬರೀ ಉತ್ಸಾಹವೇ ಬೇಕಾದರೆ ವಿಡಿಯೊ ಗೇಮ್ ಸಾಲದೇ, ಜಪಾನಿನ ಪಾರೊ ಎಂಬ ಸೀಲ್ ಮರಿಯಂಥ ಯಂತ್ರ ಸಾಲದೇ ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ಅವೂ ಕೆಲಸಕ್ಕೆ ಬರುತ್ತವೆ, ನಾಯಿಯನ್ನು ತರಲಾಗದಲ್ಲಿ ಬಳಸುವುದೇ ಸರಿ. ಆದರೆ ಆಟ ಕೊಡುವುದು ಅಂಕ. ಆ ಅಂಕದಿಂದ ಇನ್ನೊಬ್ಬರಿಗೆ ಏನೂ ಆಗುವುದಿಲ್ಲ. ಬಾಚಿದ ನಾಯಿಗೆ ನಿಜವಾಗಿಯೂ ಹಿತವಾಗುತ್ತದೆ, ನಡೆಸಿಕೊಂಡು ಹೋದ ನಾಯಿ ನಿಜವಾಗಿಯೂ ಹೊರಗಿನ ಗಾಳಿ ಕಾಣುತ್ತದೆ. ಕುಂದಿದ ಕೈಯಿಂದಲೂ ಜಗತ್ತಿಗೆ ಒಂದಿಷ್ಟು ಒಳಿತಾಗುತ್ತದೆ ಎಂಬ ಅನುಭವ ಜೀವವೊಂದು ಎದುರಿದ್ದಾಗ ಮಾತ್ರ ದಕ್ಕುವಂಥದು.

ಸೋಂಕಿನ ಭಯ ಸುಳ್ಳಲ್ಲ. ಕೆನಡಾದ ಒಂಟಾರಿಯೊದಲ್ಲಿ ಆಸ್ಪತ್ರೆಗಳಿಗೆ ಹೋಗುವ 102 ಆರೋಗ್ಯವಂತ ನಾಯಿಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕರುಳಿನ ಸೋಂಕು ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಬ್ಯಾಕ್ಟೀರಿಯಾ ಸಿಕ್ಕಿತು. ಇಂಥ ಅಧ್ಯಯನಗಳಿಂದಲೇ ಕಟ್ಟುನಿಟ್ಟಿನ ನಿಯಮಗಳು ಹುಟ್ಟಿದವು: ಮರಿಗಳು ಬೇಡ, ಹಸಿ ಮಾಂಸ ತಿನ್ನುವ ನಾಯಿ ಬೇಡ, ಮುಟ್ಟುವ ಮುನ್ನವೂ ಮುಟ್ಟಿದ ಮೇಲೂ ಕೈ ತೊಳೆಯಬೇಕು, ತೆರೆದ ಗಾಯವಿದ್ದವರ ಬಳಿ ಬಿಡಬಾರದು, ಭೇಟಿ ಒಂದು ಗಂಟೆ ಮೀರಬಾರದು. ಈ ಕೊನೆಯ ನಿಯಮ ನಾಯಿಗೂ ನ್ಯಾಯ ಒದಗಿಸುತ್ತದೆ. ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು ನಾಯಿಯ ದಣಿವಿನ ಗುರುತುಗಳು. ಅವನ್ನು ಓದಬಲ್ಲ ತರಬೇತುದಾರ ಜೊತೆಗಿಲ್ಲದಿದ್ದರೆ ರೋಗಿಯ ಉಪಕಾರ ನಾಯಿಗೆ ಅಪಕಾರವಾಗುತ್ತದೆ. ನಾಯಿಗೆ ಹೆದರುವವರಿಗೆ, ಮುಟ್ಟಲು ಇಷ್ಟಪಡದವರಿಗೆ ಒತ್ತಾಯಿಸುವುದಂತೂ ಸಲ್ಲದು.

ನಮ್ಮಲ್ಲಿ ಈ ಭಯಕ್ಕೆ ಇನ್ನೂ ಆಳವಾದ ಬೇರಿದೆ. ಭಾರತದಲ್ಲಿ ರೇಬಿಸ್‌ನಿಂದ ವರ್ಷಕ್ಕೆ 18ರಿಂದ 20 ಸಾವಿರ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಅಂದಾಜಿಸಿತ್ತು. ಇತ್ತೀಚಿನ ಭಾರತೀಯ ಸಮೀಕ್ಷೆಯೊಂದು ಸುಮಾರು 5,700 ಎನ್ನುತ್ತದೆ. ಕಡಿಮೆಯೆಂದರೂ ಅಷ್ಟು ಮನೆಗಳ ದುಃಖ ಅದು. 2022ರಲ್ಲಿ ಕರ್ನಾಟಕ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದ್ದು ಸುಮ್ಮನೆ ಅಲ್ಲ. ಹೀಗಾಗಿ ಇಲ್ಲಿ ಥೆರಪಿ ನಾಯಿಯ ಮಾತೆತ್ತುವವರು ಲಸಿಕೆಯ ಮಾತನ್ನು ಮೊದಲು ಎತ್ತಬೇಕು. ಆದರೆ ನಾಯಿಯನ್ನು ಒಳಗೆ ತಂದ ಆ ಮೂಲ ವಿಚಾರ ನಮಗೆ ಪರಕೀಯವಲ್ಲ. 1954ರ ಅಪಘಾತದಲ್ಲಿ ಬೆನ್ನುಹುರಿ ಮುರಿದು ಗಾಲಿಕುರ್ಚಿ ಹಿಡಿದ ವೈದ್ಯೆ ಮೇರಿ ವರ್ಗೀಸ್ ನ್ಯೂಯಾರ್ಕಿನಲ್ಲಿ ಇದೇ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಕಲಿತು ಬಂದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1966ರಲ್ಲಿ ಅವರು ಕಟ್ಟಿದ ಪುನರ್ವಸತಿ ಕೇಂದ್ರ ದಕ್ಷಿಣದ ನೂರಾರು ಕುಟುಂಬಗಳಿಗೆ ಆಸರೆಯಾಯಿತು. ಪಾಲಿಂಗ್‌ನ ತೋಟದ ಹಿಂದಿದ್ದ ತತ್ತ್ವವೇ ಅವರೊಂದಿಗೆ ಇಲ್ಲಿಗೆ ಬಂತು.

ಆ ತತ್ತ್ವ ಇನ್ನೂ ತಲುಪಬೇಕಾದದ್ದು ನಮ್ಮ ಮನೆಗಳನ್ನು. ಲಕ್ವ ಹೊಡೆದ ಹಿರಿಯರಿಗೆ ‘ನೀವು ಸುಮ್ಮನೆ ಮಲಗಿರಿ, ಎಲ್ಲಾ ನಾವು ನೋಡ್ಕೋತೀವಿ’ ಎನ್ನುವುದು ನಮ್ಮಲ್ಲಿ ಪ್ರೀತಿಯ ಮಾತು. ಹಿಲ್ಟನ್ನರ ಕಾಲದ ವಿಶ್ರಾಂತಿಯ ಸಿದ್ಧಾಂತ ಆಸ್ಪತ್ರೆಗಳಿಂದ ಹೊರಬಿದ್ದು ಈ ಪ್ರೀತಿಯ ರೂಪದಲ್ಲಿ ನಡುಮನೆಯಲ್ಲಿ ಉಳಿದಿದೆ. ಅದರಲ್ಲಿ ಮಮತೆಯಿದ್ದರೂ ಅದು ಆ ಹಿರಿಯರ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತದೆ, ಕೆಲಸದ ಜೊತೆಗೆ ಏಳುವ ಕಾರಣವನ್ನೂ ಕಿತ್ತುಕೊಳ್ಳುತ್ತದೆ. ಎಲ್ಲರ ಮನೆಗೂ ತರಬೇತಾದ ನಾಯಿ ಬರುವ ಕಾಲ ದೂರವಿರಬಹುದು. ಆದರೆ ಅವರೆಕಾಯಿ ಬಿಡಿಸಿಕೊಡಿ, ಮೊಮ್ಮಗುವಿನ ಅಂಗಿಗೆ ಗುಂಡಿ ಹಾಕಿ, ಹಿತ್ತಲಿನ ಗಿಡಕ್ಕೆ ಒಂದು ಚೊಂಬು ನೀರು ಹೊಯ್ಯಿರಿ ಎಂದು ಕೇಳಲು, ಅವರು ನಿಧಾನವಾಗಿ ಮಾಡುವುದನ್ನು ತಾಳ್ಮೆಯಿಂದ ಕಾಯಲು ಯಾವ ಸಂಸ್ಥೆಯ ಅನುಮತಿಯೂ ಬೇಕಿಲ್ಲ. ಎರಡು ಶತಮಾನಗಳ ಈ ಚರಿತ್ರೆ ಮೊಲ, ಹಂದಿ, ಕುದುರೆ, ನಾಯಿಗಳ ಮೂಲಕ ಮತ್ತೆ ಮತ್ತೆ ಸಾಬೀತು ಮಾಡಿದ್ದು ಒಂದನ್ನೇ: ತನ್ನಿಂದ ಯಾರಿಗೋ ಏನೋ ಆಗಬೇಕಿದೆ ಎಂದು ತಿಳಿದವನು ಕಷ್ಟಪಟ್ಟಾದರೂ ಏಳುತ್ತಾನೆ. ರೋಗಿಗೆ ಸೇವೆ ಮಾಡುವುದರ ಜೊತೆಗೆ ಅವನಿಂದ ಸೇವೆ ಬೇಡುವುದೂ ಚಿಕಿತ್ಸೆಯೇ ಎಂದು ನಾವು ಒಪ್ಪಿಕೊಳ್ಳಬೇಕು.